ಬಿಚ್ಚಲಿಕ್ಕೆಂದು ಹಾಕದ ಗಂಟು

ಆ ದಿನ ಬೆಳಿಗ್ಗೆ ಗೋಡೆ ಸದ್ದು ಮಾಡಲಿಲ್ಲ.

ಕೆಳಗಿನವನು ಸ್ಟೀಲಿನ ಲೋಟ ಹಿಡಿದು ಮಂಚದ ತುದಿಯಲ್ಲಿ ಕುಳಿತು ಕಾದ. ಆಚೆ ಕೋಣೆಯಿಂದ ಟೈಲರಕ್ಕ ಕತ್ತರಿಯ ಹಿಡಿಯಿಂದ ಗೋಡೆಗೆ ಟಕಟಕ ಎಂದು ಬಡಿಯಬೇಕು, ಈಚೆಯಿಂದ ಅವನು ಲೋಟದಿಂದ ಉತ್ತರ ಕೊಡಬೇಕು. ರಾತ್ರಿ ಕಳೆಯಿತು, ಇಬ್ಬರೂ ಬದುಕಿದ್ದಾರೆ ಎಂದು ಅದರ ಅರ್ಥ. ಅದಾದ ಮೇಲೆ ಅವನು ಕೆಲಸಕ್ಕೆ ಹೊರಡುತ್ತಿದ್ದ, ಅವಳು ಹೊಲಿಗೆ ಮಿಷನ್ನಿನ ಮುಂದೆ ಕೂರುತ್ತಿದ್ದಳು.

ಆಸ್ಪತ್ರೆಯಲ್ಲಿ ಹೆಣಗಳನ್ನಿಡುವ ಕೋಣೆ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಹೆಣ ತೊಳೆದು, ನೆಟ್ಟಗೆ ಮಾಡಿ, ಕಟ್ಟಿ, ಮನೆಯವರು ನೋಡುವ ಹಾಗೆ ಮಾಡಿಕೊಡುವುದು ಅವನ ಕೆಲಸ. ಮೇಲಿನ ವಾರ್ಡುಗಳ ನರ್ಸುಗಳು ಅವನಿಗೆ ಕೆಳಗಿನವನು ಎಂದು ಹೆಸರಿಟ್ಟಿದ್ದರು. ನಿಜವಾದ ಹೆಸರು ಹಿಡಿದು ಕೂಗಿದರೆ ಎಲ್ಲಿ ಬಂದುಬಿಡುತ್ತಾನೋ ಎಂಬ ಹೆದರಿಕೆ ಅವರಿಗೆ. ಅವನಿಗೂ ಅದು ಅಭ್ಯಾಸವಾಗಿತ್ತು. ಕ್ಯಾಂಟೀನಿನಲ್ಲಿ ಅವನು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಮದುವೆಯೂ ಆಗಿತ್ತು. ಹೆಂಡತಿ ಅವನ ಕೈಯ ಫಿನಾಯಿಲ್ ವಾಸನೆ ತಡೆಯಲಾರದೆ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅವನು ಕರೆಯಲೂ ಇಲ್ಲ.

ಅವನ ಕೈಯಿಂದ ಚಹಾ ಇಸಿದುಕೊಂಡು ಕುಡಿಯುತ್ತಿದ್ದವಳು ಪ್ರಪಂಚದಲ್ಲಿ ಟೈಲರಕ್ಕ ಒಬ್ಬಳೇ. ಅವನಿಗಿಂತ ಹಿರಿಯಳು, ಮದುವೆಯಾಗಿರಲಿಲ್ಲ, ಬಾಯಿ ಜೋರು. ಹೊಲಿದು ಉಳಿದ ಮೆತ್ತನೆಯ ಬಟ್ಟೆಯನ್ನು ಉದ್ದುದ್ದ ಪಟ್ಟಿಯಾಗಿ ಹರಿದು ಅವನಿಗೆ ಕೊಡುತ್ತಿದ್ದಳು. ಹೆಣದ ಬಾಯಿ ತೆರೆದುಕೊಳ್ಳದ ಹಾಗೆ ಗದ್ದದ ಕೆಳಗಿಂದ ನೆತ್ತಿಯ ಮೇಲಕ್ಕೆ ಕಟ್ಟುವುದಕ್ಕೆ ಆಸ್ಪತ್ರೆಯ ಬ್ಯಾಂಡೇಜು ಸರಿಹೋಗುತ್ತಿರಲಿಲ್ಲ. ಜಾರುತ್ತಿತ್ತು.

"ತಗೋ, ನಿನ್ನ ಗಿರಾಕಿಗಳಿಗೆ," ಎನ್ನುತ್ತಿದ್ದಳು. "ನನ್ನ ಗಿರಾಕಿಗಳಂತೂ ತೋಳು ಬಿಗಿ, ಕುತ್ತಿಗೆ ಸಡಿಲ ಅಂತ ತಲೆ ತಿಂತಾರೆ. ನಿನ್ನವರೇ ಒಳ್ಳೆಯವರು ನೋಡು."

ಗೋಡೆ ಬಡಿಯುವ ಉಪಾಯವೂ ಅವಳದೇ. ಒಮ್ಮೆ ಒಬ್ಬ ಗಡಿಯಾರ ರಿಪೇರಿಯವನನ್ನು ಬಾಗಿಲು ಒಡೆದು ತಂದಿದ್ದರು. ಸತ್ತು ಎಷ್ಟು ದಿನವಾಗಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಮೆಟ್ಟಿಲಲ್ಲಿ ವಾಸನೆ ಬಂದ ಮೇಲೆ ಜನಕ್ಕೆ ಅವನ ನೆನಪಾಗಿತ್ತು. ಅವನನ್ನು ತೊಳೆಯಲಾಗಲಿಲ್ಲ, ತೊಳೆಯುವಂಥದ್ದು ಏನೂ ಉಳಿದಿರಲಿಲ್ಲ. ಅಂದು ಕೆಳಗಿನವನು ಮನೆಗೆ ಬಂದು ತನ್ನ ಬಾಗಿಲನ್ನು ಒಳಗಿನಿಂದ ನೋಡುತ್ತ ಬಹಳ ಹೊತ್ತು ನಿಂತಿದ್ದ. ಅವನಿಗೆ ಹೆಣದ ಭಯವಿರಲಿಲ್ಲ. ತಾನು ಹಾಗೊಂದು ಹೆಣವಾಗುವ ಭಯ ಮಾತ್ರ ಅಂದಿನಿಂದ ಅವನನ್ನು ಬಿಟ್ಟಿರಲಿಲ್ಲ. ಅದನ್ನು ಟೈಲರಕ್ಕನಿಗೆ ಹೇಳಿಕೊಂಡಾಗ ಅವಳು ದಾರ ಕಚ್ಚಿ ತುಂಡು ಮಾಡಿ, "ಸರಿ, ನಿನ್ನ ಬೀಗದ ಕೈ ನನಗೆ ಕೊಡು, ನನ್ನದು ನೀನಿಟ್ಕೋ. ದಿನಾ ಬೆಳಿಗ್ಗೆ ಗೋಡೆ ಬಡಿಯೋಣ. ಸದ್ದಿಲ್ಲ ಅಂದ್ರೆ ಬಂದು ನೋಡೋದು. ಕೊಳೆಯೋಕಂತೂ ಬಿಡಬಾರದು," ಎಂದಿದ್ದಳು.

ಈಗ ಸದ್ದಿಲ್ಲ.

ಲೋಟದಿಂದ ತಾನೇ ಬಡಿದ. ಇನ್ನೊಮ್ಮೆ ಜೋರಾಗಿ ಬಡಿದ. ಗೋಡೆಯ ಸುಣ್ಣ ಚೂರು ಉದುರಿತು, ಅಷ್ಟೇ. ಮಲಗಿಬಿಟ್ಟಿರಬೇಕು ಎಂದುಕೊಂಡ. ಹೊರಗೆ ಕೊರೆಯುವ ಚಳಿ, ಇಂಥ ದಿನ ಯಾರಿಗೆ ಏಳಲು ಮನಸ್ಸಾಗುತ್ತದೆ ಎಂದುಕೊಂಡ. ಸ್ಟವ್ ಹಚ್ಚಿ ಚಹಾ ಮಾಡಿ ಕುಡಿದ. ಲೋಟ ತೊಳೆದ. ತೊಳೆದ ಲೋಟವನ್ನು ಮತ್ತೆ ತೊಳೆದ. ಹೋಗಬೇಕೆಂದು ಗೊತ್ತಿತ್ತು, ಕಾಲು ಏಳಲಿಲ್ಲ. ದಿನವೂ ಹೆಣಗಳ ನಡುವೆ ಓಡಾಡುವ ಮನುಷ್ಯ ಪಕ್ಕದ ಕೋಣೆಗೆ ಹೋಗಲು ಹೆದರಿ ಲೋಟ ತೊಳೆಯುತ್ತ ನಿಂತಿದ್ದ. ಆ ಬಾಗಿಲು ತೆರೆದರೆ ನಾಳೆಯಿಂದ ತನ್ನ ಗೋಡೆಯನ್ನು ಬಡಿಯುವವರು ಯಾರೂ ಇರುವುದಿಲ್ಲ ಎಂಬ ಯೋಚನೆ ಅವನನ್ನು ಅಲ್ಲೇ ಹಿಡಿದು ನಿಲ್ಲಿಸಿತ್ತು.

ಕೊನೆಗೆ ಮೊಳೆಗೆ ನೇತುಹಾಕಿದ್ದ ಅವಳ ಬೀಗದ ಕೈ ತೆಗೆದುಕೊಂಡು ಹೋದ.

ಒಳಗೆ ಲೈಟು ಉರಿಯುತ್ತಿತ್ತು. ಹಾಸಿಗೆ ಸುಕ್ಕಾಗಿರಲಿಲ್ಲ. ಮಿಷನ್ನಿನ ಸೂಜಿಯ ಕೆಳಗೆ ಅರ್ಧ ಹೊಲಿದ ತೋಳೊಂದು ಸಿಕ್ಕಿಕೊಂಡಿತ್ತು. ಬಚ್ಚಲಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಅಕ್ಕಾ," ಎಂದ. ತನ್ನ ದನಿ ತನಗೇ ಬೇರೆಯವರದೆನಿಸಿತು.

ಬಚ್ಚಲಿನ ಬಾಗಿಲು ಅರ್ಧಕ್ಕೆ ನಿಂತಿತು, ಒಳಗೆ ಏನೋ ಅಡ್ಡವಿತ್ತು. ಭುಜ ಕೊಟ್ಟು ತಳ್ಳಿದ. ಅಡ್ಡ ಇದ್ದದ್ದು ಅವಳ ಕಾಲು. ಒದ್ದೆ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ತುಂಬಿ ಹರಿದ ಬಕೀಟಿನ ನೀರು ಮೈಯ ಕೆಳಗೆಲ್ಲ ನಿಂತಿತ್ತು. ತುಟಿ ನೀಲಿ. ಒಂದು ಕಾಲು ಹೊರಕ್ಕೆ ಹೊರಳಿ, ಕಾಲಲ್ಲವೇನೋ ಎಂಬಂತಿತ್ತು.

ಕೆನ್ನೆ ಮುಟ್ಟಿದ. ಅವನ ಕೋಣೆಯಲ್ಲಿ ಹೆಣವಿಡುವ ಟ್ರೇಗಳಿಂದ ತೆಗೆದವರ ಕೆನ್ನೆಯ ಹಾಗೇ ತಣ್ಣಗಿತ್ತು. ದವಡೆ ಒತ್ತಿದ, ಬಿಗಿ. ತೋಳು ಎತ್ತಿದ, ಸೆಟೆದಿತ್ತು. ರಾತ್ರಿ ಊಟದ ಹೊತ್ತಿಗೇ ಹೋಗಿದ್ದಾಳೆ ಎಂದು ಅವನ ಕೈ ಅವನಿಗೆ ಹೇಳಿತು. ಆ ಕೈಯ ಲೆಕ್ಕ ಎಂದೂ ತಪ್ಪಿರಲಿಲ್ಲ. ಡಾಕ್ಟರುಗಳೇ ಒಮ್ಮೊಮ್ಮೆ ಕೇಳಿಕೊಂಡು ಹೋಗುತ್ತಿದ್ದರು.

ಅಲ್ಲಿಂದ ಮುಂದಕ್ಕೆ ಅವನು ಯೋಚಿಸಲಿಲ್ಲ. ಯೋಚಿಸದಿದ್ದರೆ ಭಯವೂ ಇರಲಿಲ್ಲ. ಕಂಕುಳಿಗೆ ಕೈ ಕೊಟ್ಟು ಎಳೆದು ತಂದು ಮಂಚದ ಮೇಲೆ ಮಲಗಿಸಿದ. ಒದ್ದೆ ಬಟ್ಟೆ ಕತ್ತರಿಸಿ ತೆಗೆದು ಮೈ ಒರೆಸಿದ. ಒದ್ದೆ ಮೈಯನ್ನು ಹಾಗೇ ಬಿಡಬಾರದೆಂಬುದು ಕೆಲಸದ ಮೊದಲ ಪಾಠ. ದಪ್ಪ ಹೊದಿಕೆ ಸುತ್ತಿದ. ಕಣ್ಣು ಅರೆ ತೆರೆದಿತ್ತು. ರೆಪ್ಪೆ ಇಳಿಸಿ ಒದ್ದೆ ಹತ್ತಿ ಇಟ್ಟ. ಬಾಯಿ ಒತ್ತಿ ಮುಚ್ಚಿ, ಅವಳೇ ಹರಿದಿಟ್ಟಿದ್ದ ಪಟ್ಟಿಯೊಂದನ್ನು ಗದ್ದದ ಕೆಳಗಿಂದ ನೆತ್ತಿಗೆ ತಂದು ಬಿಗಿಯಾಗಿ ಗಂಟು ಹಾಕಿದ. ಹೊರಳಿದ ಕಾಲನ್ನು ನೋಡಿ ಅವನಿಗೆ ಸಹಿಸಲಾಗಲಿಲ್ಲ. ಪಾದ ಹಿಡಿದು, ಮಂಡಿಗೆ ಮಂಡಿ ಊರಿ, ನೆಟ್ಟಗೆ ಎಳೆದ. ಒಳಗೆಲ್ಲೋ ಲಟಕ್ ಎಂದಿತು. ಎರಡೂ ಹೆಬ್ಬೆರಳು ಸೇರಿಸಿ ಕಟ್ಟಿದ. ಹತ್ತಿಯ ಕೆಳಗಿಂದ ಒಂದು ಹನಿ ಜಾರಿ ಕಿವಿಯ ಕಡೆ ಹೋಯಿತು. ಹತ್ತಿಯನ್ನು ಸರಿಯಾಗಿ ಹಿಂಡಲಿಲ್ಲವೇನೋ ಎಂದುಕೊಂಡು ಬೆರಳಿನಿಂದ ಒರೆಸಿದ.

ಲೈನಿಂಗಿನ ತೆಳು ಬಟ್ಟೆಯೊಂದನ್ನು ಮುಖದ ಮೇಲೆ ಹೊದಿಸಿ, ಪಕ್ಕದ ಊರಿನಲ್ಲಿದ್ದ ಅವಳ ಅಣ್ಣನ ಮಗಳಿಗೆ ಫೋನು ಮಾಡಿದ.

"ನಿಮ್ಮ ಅತ್ತೆ ಹೋಗ್ಬಿಟ್ರಮ್ಮ. ಬಚ್ಚಲಲ್ಲಿ ಬಿದ್ದಿದ್ರು."

ಆ ಕಡೆ ಹುಡುಗಿ ಅಳತೊಡಗಿದಳು. ಅಳುವವರಿಗೆ ಏನು ಹೇಳಬೇಕೆಂದು ಅವನಿಗೆ ಎಂದೂ ತಿಳಿದಿರಲಿಲ್ಲ. "ನಿಧಾನ ಬನ್ನಿ, ನಾನಿದೀನಿ," ಎಂದು ಇಟ್ಟ. ಆಮೇಲೆ ಆಸ್ಪತ್ರೆಯ ಶವದ ಗಾಡಿಯ ಡ್ರೈವರಿಗೆ ಮಾಡಿದ.

"ಯಾರ್ದು?" ಎಂದ ಡ್ರೈವರು.

"ನಮ್ಮ ಪಕ್ಕದ ಮನೆಯವ್ರು."

"ಡಾಕ್ಟ್ರು ನೋಡಿದಾರಾ?"

"ಅಲ್ಲಿಗೇ ತಂದು ತೋರಿಸೋಣ. ನೀನು ಬಾ."

"ನಿನ್ನ ಪಕ್ಕದ ಮನೆಯಲ್ಲಿ ಇದ್ರೆ ಇನ್ನೇನಾಗುತ್ತೆ ಬಿಡು. ಬಂದೆ, ಬಂದೆ."

ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕುಳಿತ. ಸತ್ತವರ ಜೊತೆ ಮಾತಾಡುವುದು ಅವನಿಗೆ ರೂಢಿ. ಬದುಕಿರುವವರ ಮುಂದೆ ಗಂಟಲಲ್ಲೇ ನಿಲ್ಲುವ ಮಾತು ಅಲ್ಲಿ ಸಲೀಸಾಗಿ ಬರುತ್ತಿತ್ತು.

"ಇದು ಮೋಸ ಕಣಕ್ಕಾ," ಎಂದ. "ನಾನು ಮೊದಲು ಹೋಗ್ಬೇಕು, ನೀನು ಬಂದು ಬಾಗಿಲು ತೆಗೀಬೇಕು ಅಂತ ನಾನು ಅಂದ್ಕೊಂಡಿದ್ದೆ. ನಿನಗಾದ್ರೆ ಅಣ್ಣನ ಮಗಳಿದಾಳೆ. ನನ್ನನ್ನ ಯಾರು ನೋಡ್ತಾರೆ ಈಗ? ನಿನ್ನೆ ರಾತ್ರಿ ಏನೋ ಬಿದ್ದ ಸದ್ದು ಕೇಳಿತ್ತು ನನಗೆ. ಬಕೀಟು ಅಂದ್ಕೊಂಡೆ. ಎದ್ದು ಬಂದು ಕೇಳೋಣ ಅನ್ನಿಸ್ತು, ಚಳಿ ಅಂತ ಹೊದ್ಕೊಂಡು ಮಲಗ್ಬಿಟ್ಟೆ."

ಹಾಗೆ ಹೇಳುತ್ತ ಮುಖದ ಮೇಲಿನ ಬಟ್ಟೆ ನೋಡುತ್ತಿದ್ದ. ಮೂಗಿನ ಜಾಗದಲ್ಲಿ ಬಟ್ಟೆಯ ಬಣ್ಣ ಸ್ವಲ್ಪ ಗಾಢವಾಗಿತ್ತು. ನೀರಿನ ಕಲೆ ಎಂದುಕೊಂಡ. ಹೊದಿಸುವಾಗ ಅದು ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಹೊದಿಸಿ ಎಷ್ಟೋ ಹೊತ್ತಾಗಿತ್ತು, ಒಣಗಬೇಕಾದ ಬಟ್ಟೆ ಒದ್ದೆಯಾಗುತ್ತಿತ್ತು. ಅವನ ಇಷ್ಟು ವರ್ಷದ ಕೆಲಸದಲ್ಲಿ ಆ ಜಾಗದಲ್ಲಿ ಬಟ್ಟೆ ಎಂದೂ ಒದ್ದೆಯಾಗಿರಲಿಲ್ಲ. ಮಾತು ನಿಲ್ಲಿಸಿದ. ನೋಡುತ್ತಿದ್ದ ಹಾಗೇ ಬಟ್ಟೆ ಒಂದು ಕೂದಲೆಳೆಯಷ್ಟು ಒಳಕ್ಕೆ ಹೋಯಿತು. ಬಹಳ ಹೊತ್ತು ಅಲ್ಲೇ ನಿಂತಿತು. ಮತ್ತೆ ಮೇಲೆ ಬಂತು.

ಕೆಳಗಿನವನು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಅವನು ಮಂಚದ ಕಡೆ ಹೋಗಲಿಲ್ಲ. ಬಾಗಿಲಿನಿಂದ ಹೊರಗೆ ಓಡಿ, ಓಣಿಯ ಗೋಡೆಗೆ ಬೆನ್ನು ಅಂಟಿಸಿ ನಿಂತ. ಸಣ್ಣ ಹುಡುಗರು ಕತೆ ಕೇಳಿ ಹೆದರುವ ಹಾಗೆ ಹೆದರಿದ್ದ: ಹೆಣ ಉಸಿರಾಡಿತು, ಹೆಣ ಈಗ ಏಳುತ್ತದೆ, ಎದ್ದು ನನ್ನ ಹೆಸರು ಕರೆಯುತ್ತದೆ. ತೆರೆದ ಬಾಗಿಲಿನಿಂದ ಕಟ್ಟಿದ ಎರಡು ಪಾದಗಳಷ್ಟೇ ಕಾಣುತ್ತಿದ್ದವು. ಅವನ್ನು ನೋಡುತ್ತ ನೋಡುತ್ತ ಅವನಿಗೆ ಇನ್ನೊಂದು ಸಂಗತಿ ಅರ್ಥವಾಯಿತು. ಅದು ಮೊದಲನೆಯದಕ್ಕಿಂತ ಘೋರವಾಗಿತ್ತು. ಒಳಗಿರುವುದು ಹೆಣವಲ್ಲ. ಅವಳ ಬಾಯಿ ಕಟ್ಟಿದ್ದು ತಾನು. ಕಾಲು ಎಳೆದದ್ದು ತಾನು. ಒರೆಸಿದ ಆ ಹನಿ ಹತ್ತಿಯ ನೀರಲ್ಲ.

ಒಳಗೆ ಹೋಗಿ ಮುಖದ ಬಟ್ಟೆಯನ್ನೂ ಕಣ್ಣಿನ ಹತ್ತಿಯನ್ನೂ ಕಿತ್ತೆಸೆದ. ಗಂಟಿಗೆ ಉಗುರು ಹಾಕಿದ. ಅದು ಅಲ್ಲಾಡಲಿಲ್ಲ. ಸಾವಿರ ಸಲ ಹಾಕಿದ ಗಂಟು, ಒಂದು ಸಲವೂ ಬಿಚ್ಚಿರಲಿಲ್ಲ. ಬಿಚ್ಚಲಿಕ್ಕೆಂದು ಅದನ್ನು ಹಾಕಿರಲೇ ಇಲ್ಲ. ಅವಳದೇ ಕತ್ತರಿ ತಂದು ಕಿವಿಯ ಪಕ್ಕದಲ್ಲಿ ತೂರಿಸಿ ಪಟ್ಟಿ ಕತ್ತರಿಸಿದ. ಬಾಯಿ ಚೂರು ತೆರೆಯಿತು. ಅದರಿಂದ ಬಂದದ್ದು ಸದ್ದಲ್ಲ, ಸದ್ದಾಗಬೇಕೆಂದಿದ್ದ ಏನೋ ಒಂದು.

"ಅಕ್ಕಾ, ಅಕ್ಕಾ," ಎನ್ನುವುದಷ್ಟೇ ಅವನಿಗೆ ಬಂತು.

ಡ್ರೈವರು ಸ್ಟ್ರೆಚರು ಹಿಡಿದು ಮೆಟ್ಟಿಲು ಹತ್ತಿ ಬಂದವನು ಬಾಗಿಲಲ್ಲೇ ನಿಂತ.

"ಏನಯ್ಯಾ, ಕಣ್ಣು ಬಿಟ್ಟಿದಾರೆ?"

"ಬದುಕಿದಾರೆ. ಹಿಡಿ. ಬೇಗ ಹಿಡಿ."

"ನನ್ನ ಗಾಡಿಯಲ್ಲಿ ಬದುಕಿರೋರನ್ನ ಹಾಕ್ಬಾರ್ದಯ್ಯಾ."

"ಹಿಡಿಯೋ."

ಡ್ರೈವರು ಹೆದರಿದರೆ ಮಾತು ನಿಲ್ಲಿಸುವವನಲ್ಲ. ದಾರಿಯುದ್ದಕ್ಕೂ ಬಡಬಡಿಸಿದ: ಈ ಗಾಡಿಗೆ ಸೈರನ್ ಇಲ್ಲ, ಇದಕ್ಕೆ ಯಾರೂ ದಾರಿ ಬಿಡಲ್ಲ, ಅವಸರ ಇಲ್ಲದವರ ಗಾಡಿ ಇದು, ಹಿಂದಕ್ಕೆ ನೋಡಿ ಒಂದ್ಸಲ ಹೇಳಯ್ಯಾ ಇದಾರಾ ಅಂತ. ಕೆಳಗಿನವನು ಅವಳ ಮೂಗಿನ ಹತ್ತಿರ ಕೈ ಹಿಡಿದು ಕೂತಿದ್ದ. ಉಸಿರು ಬಂತೆಂದು ಒಮ್ಮೆ ಅನ್ನಿಸುತ್ತಿತ್ತು, ಗಾಳಿ ಎಂದು ಇನ್ನೊಮ್ಮೆ. ಆಸ್ಪತ್ರೆ ತಲುಪಿದಾಗ ಗಾಡಿ ಅಭ್ಯಾಸದಂತೆ ಹಿಂದಿನ ಗೇಟಿಗೆ, ಇಳಿಜಾರಿನ ಕಡೆಗೆ ತಿರುಗಿತು.

"ಅಲ್ಲಲ್ಲ," ಎಂದು ಅವನು ಡ್ರೈವರನ ಭುಜ ಹಿಡಿದು ಜಗ್ಗಿದ. "ಮುಂದಿನ ಬಾಗಿಲು. ಮುಂದಿನ ಬಾಗಿಲು."

ತುರ್ತು ವಿಭಾಗದ ಡಾಕ್ಟರು ಅವಳನ್ನು ನಿಧಾನವಾಗಿ ಬೆಚ್ಚಗೆ ಮಾಡಿದರು. ಸೊಂಟದ ಕೀಲು ಮುರಿದಿತ್ತು. ಇಷ್ಟು ಚಳಿಯಲ್ಲಿ ರಾತ್ರಿಯಿಡೀ ನೀರಲ್ಲಿದ್ದರೆ ಮೈ ಹೀಗೇ ಸೆಟೆದುಕೊಳ್ಳುತ್ತದೆ, ನಾಡಿಯೂ ಸಿಗುವುದಿಲ್ಲ, ಒದ್ದೆ ಒರೆಸಿ ಹೊದಿಸಿದ್ದಕ್ಕೇ ಉಳಿದರು ಎಂದು ಅವನ ಬೆನ್ನು ತಟ್ಟಿದರು. ಅಣ್ಣನ ಮಗಳು ಅತ್ತ ಕಣ್ಣಿನಲ್ಲೇ ಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಬಹಳ ವರ್ಷದ ಮೇಲೆ ಯಾರೋ ಆ ಕೈ ಹಿಡಿದಿದ್ದರು.

"ನೀವಿಲ್ದೇ ಇದ್ರೆ ಏನಾಗ್ತಿತ್ತೋ. ಫೋನಲ್ಲಿ ಹೋಗ್ಬಿಟ್ರು ಅಂದಾಗ ನನ್ನ ಜೀವವೇ ಹೋಯ್ತು."

"ಗಾಬರಿ," ಎಂದ.

"ಗದ್ದದ ಕೆಳಗೆ ಕೆಂಪು ಗೆರೆ ಎದ್ದಿದೆ. ಬಕೀಟಿನ ಅಂಚು ತಾಗಿತ್ತಾ?"

ಅವನು ಕೆಳಗೆ ಕೆಲಸವಿದೆ ಎಂದು ಹೇಳಿ ಇಳಿದುಹೋದ.

ಕೆಳಗೆ ಅವನ ಕೈ ಓಡಲಿಲ್ಲ. ಹೊಸದಾಗಿ ಬಂದ ಹೆಣದ ಮೂಗಿಗೆ ಅಂಗೈ ಹಿಡಿದು ನಿಂತ. ಏನೂ ಇಲ್ಲ. ಪಟ್ಟಿ ಕೈಗೆತ್ತಿಕೊಂಡ, ಇಟ್ಟ, ಮತ್ತೆ ಅಂಗೈ ಹಿಡಿದ. ಟ್ರೇ ಒಳಗೆ ತಳ್ಳಿದವನು ಮತ್ತೆ ಎಳೆದು ನೋಡಿದ. ಹಿಂದೆ ಕಟ್ಟಿದ ಬಾಯಿಗಳೆಲ್ಲ ನೆನಪಿಗೆ ಬರತೊಡಗಿದವು. ಡಾಕ್ಟರು ನೋಡಿಯೇ ಕಳಿಸಿದ್ದರು, ಸಹಿ ಇತ್ತು, ಅವರೆಲ್ಲ ಸತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೂ ಒಬ್ಬ ಮುದುಕನ ಹೆಬ್ಬೆರಳು ಕಟ್ಟುವಾಗ ಬೆಚ್ಚಗಿತ್ತಲ್ಲವೆ? ಒಬ್ಬಳು ಹೆಂಗಸಿನ ರೆಪ್ಪೆ ಇಳಿಸಿದರೂ ಮತ್ತೆ ಮತ್ತೆ ತೆರೆಯುತ್ತಿತ್ತಲ್ಲವೆ? ಈ ಯೋಚನೆ ಬಂದಾಗ ಕೋಣೆಯ ಬಾಗಿಲು ತೆರೆದಿಟ್ಟು ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ. ಹೆಣ ಪರೀಕ್ಷೆಯ ಡಾಕ್ಟರು ನೋಡಿ ನಕ್ಕರು.

"ಏನಯ್ಯಾ, ಅವರು ತಪ್ಪಿಸ್ಕೊಂಡು ಹೋಗ್ಲಿ ಅಂತ ಬಾಗಿಲು ತೆಗೆದಿಟ್ಟಿದೀಯಾ?"

"ಹೂಂ ಸಾರ್," ಎಂದ ಅವನು. ತಮಾಷೆಗೆ ಹೇಳಿದ್ದಲ್ಲ ಎಂದು ತಿಳಿದು ಡಾಕ್ಟರು ನಗು ನಿಲ್ಲಿಸಿದರು.

ಮನೆಯಲ್ಲಿ ಗೋಡೆ ಸುಮ್ಮನಿತ್ತು. ಅವಳು ಮಾತಾಡುತ್ತಿದ್ದಾಳೆಂದು ಡ್ರೈವರಿನಿಂದ ಗೊತ್ತಾಯಿತು, ಆಪರೇಷನ್ ಆಯಿತೆಂದೂ ಗೊತ್ತಾಯಿತು. ಅವನು ಮೇಲೆ ಹೋಗಲಿಲ್ಲ. ಅವಳು ಎಲ್ಲವನ್ನೂ ಹೇಳಿಬಿಟ್ಟರೆ ಕೆಲಸ ಹೋಗುತ್ತದೆಂಬ ಭಯ ಒಂದಿತ್ತು, ಆದರೆ ಅದು ಸಣ್ಣದು. ಪ್ರಪಂಚದಲ್ಲಿ ತನ್ನನ್ನು ಕಂಡರೆ ಹೇಸದಿದ್ದ ಒಬ್ಬಳು ಇನ್ನು ಹೇಸುತ್ತಾಳೆ, ಆ ಮುಖವನ್ನು ನೋಡಬೇಕಾಗುತ್ತದೆ ಎಂಬುದು ದೊಡ್ಡದು.

ಅಣ್ಣನ ಮಗಳೇ ಕೆಳಗೆ ಬಂದಳು. ಬಾಗಿಲಿನಿಂದ ಒಳಗೆ ಕಾಲಿಡದೆ, "ಅತ್ತೆ ದಿನಾ ನಿಮ್ಮನ್ನೇ ಕೇಳ್ತಿದಾರೆ. ಬನ್ನಿ ಒಂದ್ಸಲ," ಎಂದಳು.

ಟೈಲರಕ್ಕ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಮಧ್ಯಾಹ್ನದ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಅವನನ್ನು ಕಂಡೊಡನೆ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡಳು. ಬೇಕೆಂದು ಎಳೆದದ್ದಲ್ಲ, ಕೈ ತಾನೇ ಹೋಯಿತು. ಅದನ್ನು ಅವನೂ ನೋಡಿದ, ಅವಳೂ ನೋಡಿದಳು. ಅಣ್ಣನ ಮಗಳನ್ನು ಔಷಧಿ ತರಲು ಕಳಿಸಿದಳು.

"ಕೂತ್ಕೋ. ಅಲ್ಲೇ, ಸ್ವಲ್ಪ ದೂರ."

ಕುಳಿತ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

"ಎಲ್ಲಾ ಗೊತ್ತಾಗ್ತಿತ್ತು ಅಂತಲ್ಲ," ಎಂದಳು. "ನಡುನಡುವೆ ಎಚ್ಚರ ಬರ್ತಿತ್ತು. ಕಾಲು ಎಳೆದ್ಯಲ್ಲ, ಆಗ ಬಂತು. ಕೂಗ್ಬೇಕು ಅಂತೀನಿ, ಬಾಯೇ ಇಲ್ಲ. ಕಣ್ಣು ಬಿಡ್ಬೇಕು ಅಂತೀನಿ, ಮೇಲೆ ಏನೋ ಇದೆ. ನೀನು ಪಕ್ಕದಲ್ಲೇ ಕೂತು ನನ್ನ ಮೇಲೆ ದೂರು ಹೇಳ್ತಾ ಇದೀಯಾ."

"ತಪ್ಪಾಯ್ತಕ್ಕಾ."

"ತಪ್ಪಿರಲಿ ಬಿಡು. ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡ. ಮೂಗಿನ ಹತ್ರ ಒಂದ್ಸಲ ಬೆರಳಿಟ್ಟು ನೋಡೋಣ ಅಂತ ಯಾಕೆ ಅನ್ನಿಸ್ಲಿಲ್ಲ ನಿನಗೆ?"

ಬಹಳ ಯೋಚಿಸಿದ. "ನನ್ನ ಹತ್ರ ಬರೋರನ್ನ ಯಾರೋ ಮೊದಲೇ ನೋಡಿರ್ತಾರೆ. ನಾನು ಯಾವತ್ತೂ ನೋಡಿದ್ದಿಲ್ಲ. ನೋಡ್ಬೇಕು ಅಂತ ಗೊತ್ತೇ ಆಗ್ಲಿಲ್ಲ."

ಅವಳು ತಲೆಯಾಡಿಸಿದಳು. "ನನಗನ್ನಿಸೋದು ಬೇರೆ. ದಿನಾ ಬೆಳಿಗ್ಗೆ ಕಿವಿ ನೆಟ್ಟಗೆ ಮಾಡ್ಕೊಂಡು ನೀನು ನನ್ನ ಸಾವಿಗೆ ಕಾಯ್ತಿದ್ದೆ. ನಾನೂ ಅಷ್ಟೇ, ನಿನ್ನದಕ್ಕೆ. ಜ್ವರ ಬಂತಾ, ಊಟ ಆಯ್ತಾ ಅಂತ ಎಷ್ಟು ಸಲ ಕೇಳಿದ್ವಿ ನಾವು? ಬಿದ್ದ ಸದ್ದು ಕೇಳ್ಸಿದ್ರೂ ಮಲಗಿದ್ದೆ ಅಂದ್ಯಲ್ಲ, ಅದನ್ನೂ ಕೇಳಿಸ್ಕೊಂಡೆ."

ಅವನಿಗೆ ನೆಲ ಬಿಟ್ಟು ಬೇರೆಲ್ಲೂ ನೋಡಲಾಗಲಿಲ್ಲ.

"ಅಣ್ಣನ ಮಗಳು ನಮ್ಮನೆಗೇ ಬಾ ಅಂತಿದಾಳೆ. ಮಿಷನ್ನಿಗೆ ಜಾಗ ಇಲ್ವಂತೆ. ಹೋಗ್ತೀನೋ ಇಲ್ವೋ ಗೊತ್ತಿಲ್ಲ. ನಿನ್ನ ಮೇಲೆ ಕೋಪ ಇಲ್ಲಪ್ಪಾ. ಆದ್ರೆ ಕಣ್ಣು ಮುಚ್ಚಿದ್ರೆ ನಿನ್ನ ಕೈ ಬರುತ್ತೆ. ಭಯ ಆಗುತ್ತೆ. ಸುಳ್ಳು ಹೇಳಿ ಏನು ಮಾಡ್ಲಿ."

ಅಷ್ಟರಲ್ಲಿ ನರ್ಸು ಬಂದಳು. ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸಬೇಕು. ಆಯಾ ಊಟಕ್ಕೆ ಹೋಗಿದ್ದಳು.

"ಸ್ವಲ್ಪ ಭುಜ ಹಿಡ್ಕೊಳ್ಳಿ," ಎಂದು ಅವನಿಗೆ ಹೇಳಿದವಳು, ಅವನು ಯಾರೆಂದು ಗುರುತು ಸಿಕ್ಕಿ ತಡವರಿಸಿದಳು. "ಇಲ್ಲ, ಬೇಡ, ಆಯಾ ಬರ್ಲಿ."

ಅವನು ಆಗಲೇ ಎದ್ದು ಬಾಗಿಲಿನತ್ತ ತಿರುಗಿದ್ದ. ಟೈಲರಕ್ಕನ ಕೊರಳಿನ ನರ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಹಿಡ್ಕೊಳ್ಳಲಿ," ಎಂದಳು ಕೊನೆಗೆ. "ನಾನು ಕಣ್ಣು ಮುಚ್ಚಲ್ಲ. ನೋಡ್ತಾನೇ ಇರ್ತೀನಿ."

ಅವನು ಮಂಚದ ಪಕ್ಕಕ್ಕೆ ಬಂದ. ಕೈ ಚಾಚಿದ, ಭುಜದಿಂದ ಒಂದು ಗೇಣು ದೂರದಲ್ಲಿ ಅದು ನಿಂತಿತು. ಎಷ್ಟು ಮೈಗಳನ್ನು ಹೊರಳಿಸಿದ್ದನೋ, ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಅದು ಅವನಿಗೆ ಗೊತ್ತಿರಲಿಲ್ಲ. ಅವಳ ಕಣ್ಣು ರೆಪ್ಪೆ ಬಡಿಯದೆ ಅವನ ಮುಖದ ಮೇಲೆಯೇ ಇತ್ತು.

"ಹಿಡಿತೀನಕ್ಕಾ," ಎಂದು ಹೇಳಿ ಹಿಡಿದ. ಬಟ್ಟೆಯ ಕೆಳಗೆ ಭುಜ ಬೆಚ್ಚಗಿತ್ತು, ನಡುಗುತ್ತಿತ್ತು. ನರ್ಸು ಸೊಂಟಕ್ಕೆ ಕೈ ಕೊಟ್ಟಳು. ಇಬ್ಬರೂ ಸೇರಿ ಅವಳನ್ನು ಮೆಲ್ಲಗೆ ಕಿಟಕಿಯ ಕಡೆಗೆ ಹೊರಳಿಸಿದರು.

"ನೋವಾಯ್ತಾ?" ಎಂದು ಕೇಳಿದ.

"ಆಯ್ತು," ಎಂದಳು ಟೈಲರಕ್ಕ. "ಇನ್ನೂ ಮೆತ್ತಗೆ ಹಿಡಿ."